ಎಂಟು ವರ್ಷದ ಐಟಿ ಅನುಭವ ಎಂದು ತುಂಬಿಸುವ ಮುನ್ನ ಎಸಿಎಸ್ ಪತ್ರದ ತಾರೀಖು ನೋಡಿ

ಆಸ್ಟ್ರೇಲಿಯಾ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ವೀಸಾಕ್ಕೆ, ಪ್ರಯತ್ನ ಮಾಡುತ್ತಿರುವ ಐಟಿ ಗೆಳೆಯರಿಗೆ ಈ ಬರಹ. ಅದಕ್ಕೆ ವಯಸ್ಸು, ಡಿಗ್ರಿ, ಇಂಗ್ಲಿಷ್, ಅನುಭವ ನೋಡಿ ಪಾಯಿಂಟ್ ಕೊಡುತ್ತಾರೆ. ನಿಮ್ಮ ರೆಸ್ಯೂಮೆಯಲ್ಲಿರುವ ಅನುಭವದ ವರ್ಷಗಳೇ ಬೇರೆ, ಐಟಿಯವರ ಅನುಭವ ಅಳೆಯುವ ಎಸಿಎಸ್ ಎಂಬ ಸಂಸ್ಥೆ ಒಪ್ಪಿ ವೀಸಾ ಪಾಯಿಂಟ್‌ಗೆ ಸಿಗುವ ವರ್ಷಗಳೇ ಬೇರೆ. ಎರಡೂ ಒಂದೇ ಎಂದು ತೋರಿಸಿ ನಮ್ಮ ಏಜೆಂಟ್ ಅರ್ಜಿ ಹಾಕಿದ. ನಮ್ಮ 189 ವೀಸಾ (ಯಾರ ಸ್ಪಾನ್ಸರ್ ಇಲ್ಲದೆ ಪಾಯಿಂಟ್ ಮೇಲೆ ಸಿಗುವ ಪಿಆರ್) ರಿಜೆಕ್ಟ್ ಆಯಿತು. ಕಟ್ಟಿದ ಫೀಸು ವಾಪಸ್ ಬರಲಿಲ್ಲ. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿದಿದ್ದು, ಇದರಲ್ಲಿ ಹೋದ ಕಾಲಕ್ಕೆ. ಈ ವೀಸಾದಲ್ಲಿ 25ರಿಂದ 32 ವರ್ಷದವರೆಗೆ ವಯಸ್ಸಿಗೆ 30 ಪಾಯಿಂಟ್. 33 ತುಂಬಿದ ದಿನ ಅದು 25ಕ್ಕೆ ಇಳಿಯುತ್ತದೆ. ದುಡ್ಡು ಮತ್ತೆ ದುಡಿಯಬಹುದು, ಆ ಐದು ಪಾಯಿಂಟ್ ಎಲ್ಲಿಂದ ತರುವುದು?

ನನ್ನದು ವಿಟಿಯು ಕಂಪ್ಯೂಟರ್ ಸೈನ್ಸ್ ಡಿಗ್ರಿ. 2010ರ ಜುಲೈನಲ್ಲಿ ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಕಂಪನಿ ಸೇರಿದೆ. ಮೊದಲ ಮೂರು ವರ್ಷ ಅಪ್ಲಿಕೇಶನ್ ಸಪೋರ್ಟ್. ಶಿಫ್ಟ್ ಕೆಲಸ. ಟಿಕೆಟ್ ಬಂದರೆ ನೋಡುವುದು, ನಿಂತ ಜಾಬ್ ಮತ್ತೆ ಓಡಿಸುವುದು, ಕೋಡ್ ಬದಲಾಯಿಸಬೇಕಾದರೆ ಡೆವಲಪ್‌ಮೆಂಟ್ ಟೀಮಿಗೆ ದಾಟಿಸುವುದು. 2013ರ ಜುಲೈನಲ್ಲಿ ಜಾವಾ ಡೆವಲಪ್‌ಮೆಂಟ್ ಟೀಮಿಗೆ ಬಂದೆ. ಅಲ್ಲಿಂದ ಡಿಸೈನ್, ಕೋಡಿಂಗ್, ರಿವ್ಯೂ ಎಲ್ಲವೂ. 2018ರ ಕೊನೆಗೆ ಒಟ್ಟು ಎಂಟು ವರ್ಷ ದಾಟಿತ್ತು.

ಏಜೆನ್ಸಿಯವರು ಮೊದಲ ಭೇಟಿಯಲ್ಲಿ ಕೇಳಿದ್ದು ಡಿಗ್ರಿ, ಡೆಸಿಗ್ನೇಶನ್, ಒಟ್ಟು ವರ್ಷ. ದಿನಾ ಆಫೀಸಿನಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಆದರೆ ಇಡೀ ವಿಷಯ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಆಸ್ಟ್ರೇಲಿಯಾದವರು ಉದ್ಯೋಗಗಳನ್ನು ಆನ್ಜ್‌ಸ್ಕೋ ಎಂಬ ಪಟ್ಟಿಯಲ್ಲಿ ಆರಂಕಿಯ ಕೋಡ್ ಕೊಟ್ಟು ವಿಂಗಡಿಸಿದ್ದಾರೆ. 261311 ಅನಲಿಸ್ಟ್ ಪ್ರೋಗ್ರಾಮರ್, 261312 ಡೆವಲಪರ್ ಪ್ರೋಗ್ರಾಮರ್, 261313 ಸಾಫ್ಟ್‌ವೇರ್ ಎಂಜಿನಿಯರ್, 262113 ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್, 263111 ಕಂಪ್ಯೂಟರ್ ನೆಟ್‌ವರ್ಕ್ ಮತ್ತು ಸಿಸ್ಟಮ್ಸ್ ಎಂಜಿನಿಯರ್, ಹೀಗೆ. ಪ್ರತಿ ಕೋಡಿಗೂ ಏನೇನು ಕೆಲಸ ಸೇರುತ್ತದೆ ಎಂಬ ವಿವರ ಇದೆ. ನಿಮ್ಮ ಕೆಲಸ ಆ ವಿವರಕ್ಕೆ ಹೊಂದಬೇಕು. ಡೆಸಿಗ್ನೇಶನ್ ಹೊಂದಿದರೆ ಸಾಲದು. ನಮ್ಮ ಕಂಪನಿಗಳಲ್ಲಿ ಟೆಕ್ನಾಲಜಿ ಅನಲಿಸ್ಟ್, ಕನ್ಸಲ್ಟೆಂಟ್, ಅಸೋಸಿಯೇಟ್ ಅಂತೆಲ್ಲ ಹೆಸರಿಡುತ್ತಾರಲ್ಲ, ಅದರಿಂದ ಕೆಲಸ ಏನು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಆದರೂ ಏಜೆಂಟರು ಬಂದವರನ್ನೆಲ್ಲ 261313ಕ್ಕೇ ತಳ್ಳುತ್ತಾರೆ. ಯಾಕೆ? ಎಲ್ಲ ಕೋಡಿಗೂ 189 ಸಿಗುವುದಿಲ್ಲ. ಸಿಸ್ಟಮ್ಸ್ ಅಡ್ಮಿನಿಸ್ಟ್ರೇಟರ್ ಮತ್ತು 262111 ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ 189ಕ್ಕೆ ನಡೆಯದ ಅಲ್ಪಾವಧಿ ಉದ್ಯೋಗ ಪಟ್ಟಿಯಲ್ಲಿದ್ದವು. ಅಂಥವರು ರಾಜ್ಯ ಸರ್ಕಾರದ ನಾಮಿನೇಶನ್ ಹಿಡಿದು 190ರಂಥ ದಾರಿಯಲ್ಲೇ ಹೋಗಬೇಕು. ಇದನ್ನು ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ. ಅದಕ್ಕೇ ಸಪೋರ್ಟ್ ಮಾಡುವವರನ್ನೂ, ಸರ್ವರ್ ನೋಡಿಕೊಳ್ಳುವವರನ್ನೂ ಸಾಫ್ಟ್‌ವೇರ್ ಎಂಜಿನಿಯರ್ ಮಾಡಿಬಿಡುತ್ತಾರೆ.

ಮುಂದಿನ ಹಂತ ರೆಫರೆನ್ಸ್ ಲೆಟರ್. ಐಟಿ ಉದ್ಯೋಗಗಳ ಸ್ಕಿಲ್ಸ್ ಅಸೆಸ್‌ಮೆಂಟ್ ಮಾಡುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಅಂದರೆ ಎಸಿಎಸ್. ಲೆಟರ್‌ಹೆಡ್ಡಿನಲ್ಲಿ ಕೆಲಸ ಶುರುವಾದ ಮತ್ತು ಮುಗಿದ ತಾರೀಖು, ವಾರಕ್ಕೆ ಎಷ್ಟು ಗಂಟೆ, ಯಾವ ದೇಶದಲ್ಲಿ ಮಾಡಿದ್ದು, ಏನೇನು ಕೆಲಸ, ಇಷ್ಟೂ ಇರಬೇಕು ಎನ್ನುತ್ತಾರೆ. ನಮ್ಮ ಎಚ್‌ಆರ್‌ಗಳು ಕೊಡುವ ಲೆಟರಿನಲ್ಲಿ ತಾರೀಖು ಮತ್ತು ಡೆಸಿಗ್ನೇಶನ್ ಬಿಟ್ಟರೆ ಏನೂ ಇರುವುದಿಲ್ಲ. ಕೇಳಿದರೆ ಪಾಲಿಸಿ ಎನ್ನುತ್ತಾರೆ. ಆಗ ಜೊತೆಯಲ್ಲಿ ಕೆಲಸ ಮಾಡಿದ ಮ್ಯಾನೇಜರಿನಿಂದಲೋ ಸೀನಿಯರಿನಿಂದಲೋ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿ ಕೊಡಬಹುದು. ನಿಮ್ಮ ಬಗ್ಗೆ ನೀವೇ ಅಫಿಡವಿಟ್ ಬರೆದುಕೊಂಡರೆ ಒಪ್ಪುವುದಿಲ್ಲ. ಅಫಿಡವಿಟ್ ಜೊತೆಗೆ ಸಂಬಳದ ಪುರಾವೆ ಬೇಕೇ ಬೇಕು: ಪೇ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್. ಇಂದೇ ಪೇ ಸ್ಲಿಪ್‌ಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಕಂಪನಿ ಬಿಟ್ಟ ಮೇಲೆ ಆ ಪೋರ್ಟಲ್ ತೆರೆಯುವುದಿಲ್ಲ. ಆನ್‌ಸೈಟ್ ಹೋಗಿದ್ದರೆ ಆ ತಿಂಗಳುಗಳನ್ನು ದೇಶದ ಹೆಸರಿನೊಂದಿಗೆ ಬೇರೆಯಾಗಿ ಬರೆಸಿ.

ಏಜೆನ್ಸಿಯವರು ನನಗೊಂದು ಟೆಂಪ್ಲೇಟ್ ಕಳಿಸಿದರು. ತೆಗೆದು ನೋಡಿದರೆ ಆನ್ಜ್‌ಸ್ಕೋದಲ್ಲಿರುವ ಸಾಲುಗಳನ್ನೇ ಎತ್ತಿ ಅಂಟಿಸಿದ್ದರು. ಸಪೋರ್ಟ್ ಮಾಡಿದ ಮೂರು ವರ್ಷವೂ ಡೆವಲಪ್‌ಮೆಂಟ್ ಎಂದೇ ಇತ್ತು. ಇದಕ್ಕೆ ನನ್ನ ಹಳೆಯ ಮ್ಯಾನೇಜರ್ ಸಹಿ ಹಾಕುವುದಿಲ್ಲ, ನಾನೂ ಹಾಕಿಸುವುದಿಲ್ಲ ಎಂದೆ. "ಎಲ್ಲರೂ ಹೀಗೇ ಮಾಡ್ತಾರೆ ಸರ್" ಎಂಬ ಉತ್ತರ ಬಂತು. ನಾನು ಒಪ್ಪಲಿಲ್ಲ. ಇದ್ದದ್ದನ್ನು ಇದ್ದಹಾಗೆ ಬರೆದು ಎರಡು ಅಫಿಡವಿಟ್ ಮಾಡಿಸಿದೆವು, ಸಪೋರ್ಟಿಗೆ ಒಂದು, ಡೆವಲಪ್‌ಮೆಂಟಿಗೆ ಒಂದು.

ಎಸಿಎಸ್ ಫಲಿತಾಂಶ ಬಂತು. ಪಾಸಿಟಿವ್. ಮನೆಯಲ್ಲೆಲ್ಲ ಖುಷಿ. ಈ ಪತ್ರವನ್ನು ದಯವಿಟ್ಟು ನಿಧಾನವಾಗಿ ಓದಿ. ಪಾಸಿಟಿವ್ ಎಂಬ ಪದಕ್ಕಿಂತ ಅದರ ಕೆಳಗಿರುವ ಒಂದು ತಾರೀಖು ಮುಖ್ಯ. ಆ ತಾರೀಖಿನ ನಂತರದ ಕೆಲಸವನ್ನು ಮಾತ್ರ ನುರಿತ ಮಟ್ಟದ ಕೆಲಸ ಎಂದು ಪರಿಗಣಿಸುತ್ತೇವೆ ಎಂದು ಅದರಲ್ಲಿರುತ್ತದೆ. ನನ್ನದರಲ್ಲಿ ಇದ್ದದ್ದು 2015ರ ಜುಲೈ.

ಅದು ಹೇಗೆ ಬಂತು ನೋಡಿ. ಕೋಡಿಗೆ ಹೊಂದುವುದಿಲ್ಲ ಎಂದು ಸಪೋರ್ಟ್ ವರ್ಷಗಳು ಮೊದಲು ಹೋದವು. ಉಳಿದದ್ದು 2013ರ ಜುಲೈನಿಂದ ಈಚೆಗಿನದು. ಅದರಲ್ಲಿ ಮೊದಲ ಎರಡು ವರ್ಷವನ್ನು ಎಸಿಎಸ್ ನುರಿತ ಮಟ್ಟ ಮುಟ್ಟಲು ಬೇಕಾದ ಅನುಭವ ಎಂದು ಕಳೆಯುತ್ತದೆ. ಕೋಡಿಗೆ ಹತ್ತಿರದ ಐಟಿ ಡಿಗ್ರಿ ಇದ್ದವರಿಗೆ, ಕಳೆದ ಹತ್ತು ವರ್ಷದೊಳಗಿನ ಅನುಭವದಲ್ಲಿ ಈ ಎರಡು ವರ್ಷದ ಕಡಿತ. ಡಿಗ್ರಿ ಐಟಿಯದೇ ಆದರೂ ಕೋಡಿಗೆ ಹತ್ತಿರದ್ದಲ್ಲ ಎಂದಾದರೆ ನಾಲ್ಕು ವರ್ಷ ಹೋಗುತ್ತದೆ. ಅಂತೂ 2019ರ ಆರಂಭದಲ್ಲಿ ಪಾಯಿಂಟಿಗೆ ನನ್ನ ಬಳಿ ಇದ್ದದ್ದು ಮೂರೂವರೆ ವರ್ಷ ಮಾತ್ರ. ವಿದೇಶದ ಅನುಭವಕ್ಕೆ ಮೂರು ವರ್ಷವಾಗಿದ್ದರೆ 5 ಪಾಯಿಂಟ್, ಐದಾಗಿದ್ದರೆ 10, ಎಂಟಾಗಿದ್ದರೆ 15. ಅಂದರೆ ನನಗೆ 5.

ಏಜೆಂಟ್ ಇಒಐಯಲ್ಲಿ 15 ತುಂಬಿಸಿದ.

ಇಒಐ ಎಂದರೆ ಸ್ಕಿಲ್‌ಸೆಲೆಕ್ಟ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಹಾಕುವ ಆಸಕ್ತಿ ಪತ್ರ. ಪಾಯಿಂಟ್ ಜಾಸ್ತಿ ಇದ್ದವರನ್ನು ಅದರಿಂದ ಆರಿಸಿ, ವೀಸಾಕ್ಕೆ ಅರ್ಜಿ ಹಾಕಿ ಎಂದು ಕರೆಯುತ್ತಾರೆ. ಅದರಲ್ಲಿ ಪ್ರತಿ ಕೆಲಸದ ಎದುರು, ಇದು ನೀವು ಆರಿಸಿದ ಕೋಡಿನ ಉದ್ಯೋಗಕ್ಕೆ ಸಂಬಂಧಪಟ್ಟದ್ದಾ, ಹೌದು ಅಥವಾ ಇಲ್ಲ ಎಂದು ಆರಿಸಬೇಕು. ಅವನು 2010ರಿಂದ ಈವರೆಗೆ ಒಂದೇ ಸಾಲು ಮಾಡಿ ಹೌದು ಒತ್ತಿದ್ದ. ನಾವು ಹಾಕುವುದಕ್ಕೆ ಮುಂಚೆ ಫಾರ್ಮ್ ತೋರಿಸಿ ಎಂದು ಕೇಳಿದ್ದೆವು. ಲಾಗಿನ್ ನಮ್ಮ ಆಫೀಸಿನದು, ಹೊರಗೆ ಕೊಡುವುದಿಲ್ಲ ಎಂದರು. ಎಸಿಎಸ್ ಪತ್ರದಂತೆಯೇ ತುಂಬಿಸಿದ್ದೇವೆ ಎಂದು ಮೇಲ್ ಬರೆದರು. ಆ ಮೇಲ್ ಇನ್ನೂ ನನ್ನ ಹತ್ತಿರ ಇದೆ.

ವಯಸ್ಸಿಗೆ 30, ಡಿಗ್ರಿಗೆ 15, ಇಂಗ್ಲಿಷಿಗೆ 20. ಅವನ 15 ಸೇರಿದರೆ 80. ನಿಜವಾಗಿ ನನ್ನದು 70. ನಾವು ಕಾಯುತ್ತಿದ್ದ ತಿಂಗಳುಗಳಲ್ಲಿ ಸಾಫ್ಟ್‌ವೇರ್ ಗುಂಪಿನಲ್ಲಿ 70ಕ್ಕೆ ಕರೆ ಬರುವುದು ಕಷ್ಟವಿತ್ತು. 80ಕ್ಕೆ ಬೇಗ ಬಂತು. ಫೀಸು ಕಟ್ಟಿದೆವು. ಆಗ ಮುಖ್ಯ ಅರ್ಜಿದಾರನಿಗೇ 3,700 ಆಸ್ಟ್ರೇಲಿಯನ್ ಡಾಲರಿಗೂ ಜಾಸ್ತಿ. ಹೆಂಡತಿಯದ್ದು ಬೇರೆ. ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್ ಎಲ್ಲ ಮುಗಿಸಿದೆವು.

ಆಮೇಲೆ ಇಲಾಖೆಯಿಂದ ನೋಟಿಸ್. ಎಂಟು ವರ್ಷ ಎಂದಿದ್ದೀರಿ, ಎಸಿಎಸ್ ಪತ್ರದ ಪ್ರಕಾರ ಅಷ್ಟಿಲ್ಲ, ಉತ್ತರ ಕೊಡಿ ಎಂದಿತ್ತು. ಏಜೆಂಟ್ ಸಲೀಸಾಗಿ ಒಂದು ಮಾತು ಹೇಳಿದ: ಪಾಸ್ ಮಾರ್ಕ್ 65 ಅಲ್ವಾ, ನಿಮ್ಮದು 70 ಇದೆ, ಏನೂ ಆಗಲ್ಲ.

ಈ ಮಾತನ್ನು ನಂಬಬೇಡಿ. 65 ಎಂಬುದು ಇಒಐ ಹಾಕಲು ಬೇಕಾದ ಕನಿಷ್ಠ. ವೀಸಾ ಕೊಡುವಾಗ ನೋಡುವುದು, ನಿಮ್ಮನ್ನು ಕರೆದ ಪತ್ರದಲ್ಲಿರುವ ಅಂಕಕ್ಕಿಂತ ನಿಮ್ಮ ನಿಜವಾದ ಅಂಕ ಕಡಿಮೆ ಇದೆಯಾ ಎಂದು. ಕಾನೂನಿನಲ್ಲೇ ಹಾಗಿದೆ. 80 ಎಂದು ಕರೆಸಿಕೊಂಡರೆ 80 ತೋರಿಸಬೇಕು. 70 ಇದ್ದವನಿಗೂ ರಿಜೆಕ್ಟ್, 75 ಇದ್ದರೂ ರಿಜೆಕ್ಟ್. ನಮಗೆ ಆದದ್ದು ಅದೇ. ಭಾರತದಿಂದ ಹಾಕಿದ, ಯಾರ ಸ್ಪಾನ್ಸರ್ ಕೂಡ ಇಲ್ಲದ 189 ಅರ್ಜಿಗೆ ಅಲ್ಲಿನ ಟ್ರಿಬ್ಯುನಲ್‌ನಲ್ಲಿ ಮೇಲ್ಮನವಿಗೂ ಅವಕಾಶವಿಲ್ಲ.

ಒಂದು ವಿಷಯದಲ್ಲಿ ಬಚಾವಾದೆವು. ಅಫಿಡವಿಟ್‌ಗಳು ನಿಜವಾಗಿದ್ದವು. ಆ ಟೆಂಪ್ಲೇಟಿಗೆ ಸಹಿ ಹಾಕಿಸಿದ್ದರೆ ಪಿಐಸಿ 4020 ಎಂಬ ನಿಯಮ ತಲೆ ಮೇಲೆ ಬರುತ್ತಿತ್ತು. ಸುಳ್ಳು ದಾಖಲೆ ಕೊಟ್ಟರೆ ಆ ನಿಯಮದಡಿ ವೀಸಾ ನಿರಾಕರಿಸಿ, ಮೂರು ವರ್ಷ ಬೇರೆ ವೀಸಾಗಳೂ ಸಿಗದಂತೆ ಮಾಡಬಹುದು. ಅದು ಅರ್ಜಿಯಲ್ಲಿರುವ ಹೆಂಡತಿ ಮಕ್ಕಳನ್ನೂ ತಟ್ಟುತ್ತದೆ. ಏಜೆಂಟ್ ಬರೆದಿದ್ದು ಎಂದರೂ ಅರ್ಜಿ ನಿಮ್ಮ ಹೆಸರಿನದೇ.

ಸರಿಯಾಗಿ ತುಂಬಿಸುವುದು ಕಷ್ಟವೇನಲ್ಲ. ಒಂದೇ ಕಂಪನಿಯ ಕೆಲಸವಾದರೂ ಎಸಿಎಸ್ ತಾರೀಖಿನಲ್ಲಿ ಎರಡು ಸಾಲು ಮಾಡಿ. ಆ ತಾರೀಖಿನವರೆಗಿನದಕ್ಕೆ 'ಸಂಬಂಧ ಇಲ್ಲ' ಎಂದು ಆರಿಸಿ, ನಂತರದ್ದಕ್ಕೆ 'ಸಂಬಂಧ ಇದೆ' ಎಂದು. ಈಗಿನ ಕೆಲಸಕ್ಕೆ ಮುಗಿದ ತಾರೀಖು ಖಾಲಿ ಬಿಟ್ಟರೆ ವರ್ಷ ತುಂಬಿದಾಗ ಪಾಯಿಂಟ್ ತಾನಾಗಿಯೇ ಏರುತ್ತದೆ. ಅದು ಒಳ್ಳೆಯದೇ, ಆದರೆ ಕೆಲಸ ಬಿಟ್ಟರೆ ಅಥವಾ ಡೆವಲಪ್‌ಮೆಂಟ್ ಬಿಟ್ಟು ಬೇರೆ ಪಾತ್ರಕ್ಕೆ ಹೋದರೆ ತಕ್ಷಣ ತಾರೀಖು ಹಾಕಿ. ಇಲ್ಲದಿದ್ದರೆ ನಿಮಗೇ ಗೊತ್ತಿಲ್ಲದೆ ಇಲ್ಲದ ಪಾಯಿಂಟ್ ಸೇರಿಕೊಳ್ಳುತ್ತದೆ.

ಮೆಕ್ಯಾನಿಕಲ್, ಸಿವಿಲ್ ಓದಿ ಐಟಿಗೆ ಬಂದವರು ಇನ್ನೂ ಹುಷಾರಾಗಿರಬೇಕು. ನಮ್ಮಲ್ಲಿ ಅಂಥವರು ಎಷ್ಟು ಜನ! ಅವರಿಗೆ ಆರ್‌ಪಿಎಲ್ ಎಂಬ ದಾರಿ, ಅಂದರೆ ಐಟಿ ಡಿಗ್ರಿ ಇಲ್ಲದವರು ಕೆಲಸದಲ್ಲಿ ಕಲಿತದ್ದನ್ನು ಎಸಿಎಸ್‌ಗೆ ತೋರಿಸುವುದು. ತಮ್ಮದೇ ಪ್ರಾಜೆಕ್ಟ್‌ಗಳ ಬಗ್ಗೆ ವರದಿ ಬರೆಯಬೇಕು, ನಕಲು ಇದೆಯಾ ಎಂದು ಪರೀಕ್ಷಿಸುತ್ತಾರೆ. ಅನುಭವದಲ್ಲಿ ಆರು ವರ್ಷ ಕಡಿತ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಮೆಕ್ಯಾನಿಕಲ್. ಎಂಟು ವರ್ಷ ಇದೆ, 15 ಪಾಯಿಂಟ್ ಗ್ಯಾರಂಟಿ ಎಂದು ಇದೇ ಥರದ ಮತ್ತೊಂದು ಆಫೀಸಿನವರು ಅವನಿಂದ ಅಡ್ವಾನ್ಸ್ ತೆಗೆದುಕೊಂಡಿದ್ದರು. ಎಂಟರಲ್ಲಿ ಆರು ಹೋದರೆ ಉಳಿಯುವುದು ಎರಡು. ಎರಡು ವರ್ಷಕ್ಕೆ ಒಂದೂ ಪಾಯಿಂಟ್ ಇಲ್ಲ.

ದುಡ್ಡು ಕೊಡುವ ಮುಂಚೆ ಏಜೆಂಟಿನ ನೋಂದಣಿ ಸಂಖ್ಯೆ ಕೇಳಿ. ಆಸ್ಟ್ರೇಲಿಯಾದಲ್ಲಿ ಮೈಗ್ರೇಶನ್ ಏಜೆಂಟರನ್ನು ನೋಂದಾಯಿಸುವುದು ಓಮಾರಾ ಎಂಬ ಸರ್ಕಾರಿ ಕಚೇರಿ. ಸಂಖ್ಯೆ ಏಳಂಕಿಯದು. ಆ ಪಟ್ಟಿ ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನಲ್ಲಿ ಕುಳಿತವರಿಗೆ ಈ ನೋಂದಣಿ ಕಡ್ಡಾಯವಲ್ಲ, ಆದರೆ ಇಲ್ಲದವರ ಮೇಲೆ ನೀವು ಅಲ್ಲಿ ದೂರು ಕೊಡಲೂ ಆಗುವುದಿಲ್ಲ. ನಮ್ಮವರು ಫಾರ್ಮ್ 956ಎ ಮೇಲೆ ಸಹಿ ಮಾಡಿಸಿಕೊಂಡಿದ್ದರು. ಅದು ಪತ್ರಗಳನ್ನು ಅವರ ವಿಳಾಸಕ್ಕೆ ಕಳಿಸಿ ಎನ್ನುವ ಫಾರ್ಮ್ ಅಷ್ಟೇ. ನೋಂದಾಯಿತ ಏಜೆಂಟ್ ಬಳಸುವುದು 956. ಸಹಿ ಮಾಡುವಾಗ ಆ ಒಂದು ಅಕ್ಷರ ಗಮನಿಸಿ. ಸ್ಕಿಲ್‌ಸೆಲೆಕ್ಟ್ ಅಕೌಂಟ್ ನಿಮ್ಮ ಮೇಲ್ ಐಡಿಯಲ್ಲಿ, ನಿಮ್ಮ ಪಾಸ್‌ವರ್ಡ್‌ನಲ್ಲೇ ಇರಲಿ. ಅದಕ್ಕೆ ಒಪ್ಪದ ಆಫೀಸಿನಿಂದ ಎದ್ದು ಬನ್ನಿ.

ನಿಯಮಗಳು ಬದಲಾಗುತ್ತಲೇ ಇರುತ್ತವೆ. 2024ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ ಆನ್ಜ್‌ಸ್ಕೋ ಜಾಗಕ್ಕೆ ಓಸ್ಕಾ ಎಂಬ ಹೊಸ ಉದ್ಯೋಗ ಪಟ್ಟಿ ತಂದಿದೆ. ಹಾಗಾಗಿ ನೀವು ಅರ್ಜಿ ಹಾಕುವ ದಿನ ವೀಸಾ ಇಲಾಖೆ ಯಾವ ಪಟ್ಟಿ ನೋಡುತ್ತಿದೆ, ಎಸಿಎಸ್ ಕಡಿತದ ನಿಯಮ ಏನಿದೆ ಎಂದು ಅವರವರ ಅಧಿಕೃತ ತಾಣದಲ್ಲೇ ಓದಿ. ನನ್ನ ಲೆಕ್ಕ 2019ರದ್ದು.

ಕೊನೆಗೆ, ಈಗಾಗಲೇ ಕರೆ ಬಂದು ಫೀಸು ಕಟ್ಟುವುದರಲ್ಲಿರುವವರಿಗೆ. ಕರೆ ಬಂದ ಮೇಲೆ 60 ದಿನ ಇರುತ್ತದೆ. ಇವತ್ತೇ ಇಒಐ ಪ್ರತಿ ತರಿಸಿಕೊಂಡು ಎಸಿಎಸ್ ಪತ್ರದ ಪಕ್ಕ ಇಟ್ಟು ನೋಡಿ. ಪಾಯಿಂಟ್ ಜಾಸ್ತಿ ಹಾಕಿದ್ದರೆ ಫೀಸು ಕಟ್ಟಬೇಡಿ. ಏಜೆಂಟ್ ಎಷ್ಟೇ ಒತ್ತಾಯ ಮಾಡಿದರೂ ಕಟ್ಟಬೇಡಿ. ಕರೆ ಬಂದ ಮೇಲೆ ಆ ಇಒಐ ತಿದ್ದಲು ಬರುವುದಿಲ್ಲ, ಆದರೆ 60 ದಿನ ಕಳೆದು ಕರೆ ಬಿದ್ದುಹೋದ ಮೇಲೆ ಮತ್ತೆ ತಿದ್ದಬಹುದು. ಎರಡು ಸಲ ಹೀಗೆ ಬಿಟ್ಟರೆ ಮಾತ್ರ ಇಒಐಯನ್ನೇ ತೆಗೆದುಹಾಕುತ್ತಾರೆ, ಆದ್ದರಿಂದ ಮೊದಲನೆಯದು ಬಿದ್ದ ಕೂಡಲೇ ನಿಜವಾದ ತಾರೀಖು ಹಾಕಿ ಸರಿಮಾಡಿಕೊಳ್ಳಿ.