ಯೋಗ, ಬೆಟ್ಟ, ಕಯಾಕಿಂಗ್: ನಾಲ್ಕು ದಿನದ ಶಿಬಿರದಲ್ಲಿ ಏನು ಸಿಕ್ಕಿತು, ಏನು ಕೆಟ್ಟಿತು

ಎರಡು ದಿನ ಬೆಟ್ಟ, ಒಂದು ದಿನ ಕಯಾಕಿಂಗ್, ಕೊನೆಯ ದಿನ ಕಾರ್ಯಾಗಾರ, ಇದರ ಮಧ್ಯೆ ಬೆಳಿಗ್ಗೆ ಸಂಜೆ ಯೋಗ. ಇಂಥದ್ದೊಂದು ಶಿಬಿರಕ್ಕೆ ಹೋಗಿ ಬಂದೆ. ನಡೆಸಿದವರ ಹೆಸರು ಬೇಡ, ಸ್ವಲ್ಪ ಬೈಯುವುದೂ ಇದೆ.

ಮೊದಲು ಒಳ್ಳೆಯದು. ಎರಡನೇ ದಿನ ಬೆಟ್ಟ ಇಳಿದು ಬಂದಾಗ ಶೂ ಲೇಸ್ ಬಿಚ್ಚಲು ಬಗ್ಗುವುದಕ್ಕೂ ಆಗುತ್ತಿರಲಿಲ್ಲ. ಯೋಗದ ಮೇಡಂ ಎಲ್ಲರನ್ನೂ ಅಲ್ಲೇ ಅಂಗಾತ ಮಲಗಿಸಿ, ಬ್ಯಾಗುಗಳನ್ನು ಒಂದರ ಮೇಲೊಂದು ಪೇರಿಸಿ ಮೀನಖಂಡದ ಕೆಳಗೆ ಇಡಿಸಿದರು. ಹತ್ತು ನಿಮಿಷ ಸುಮ್ನೆ ಮಲಗಿದ್ದೆವು, ಅಷ್ಟೇ. ಇದರಿಂದ ನೋವು ಹೋಗುತ್ತಾ ಅಂತ ಯಾರೋ ಕೇಳಿದರು. "ಇಲ್ಲಪ್ಪ, ನಾಳೆ ಬಂದೇ ಬರುತ್ತೆ, ನಾಡಿದ್ದೂ ಇರುತ್ತೆ" ಅಂದರು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಆ ನೋವು ಒಂದು ದಿನ ಬಿಟ್ಟು ಜಾಸ್ತಿಯಾಗುತ್ತದೆ, ಸ್ಟ್ರೆಚ್ ಮಾಡಿದರೆ ಅದೇನೂ ಅಷ್ಟಾಗಿ ಕಡಿಮೆಯಾಗುವುದಿಲ್ಲ. ಯೋಗದಿಂದ ಎಲ್ಲ ವಾಸಿ ಅಂತ ಹೇಳದ ಯೋಗ ಟೀಚರ್ ಸಿಕ್ಕಿದ್ದೇ ನನಗೆ ಖುಷಿ.

ಆದರೆ ಬೆಳಗಿನ ತರಗತಿ ಬೇರೆಯವರದು. ಬೆಟ್ಟ ಹತ್ತುವ ದಿನ ತಣ್ಣಗಿನ ಮೈಯಲ್ಲಿ ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವುದು), ಅದೂ ಎರಡೆರಡು ನಿಮಿಷ ಹಿಡಿದುಕೊಂಡು, ಎದ್ದ ತಕ್ಷಣ ಕಡಿದಾದ ಏರು. ಹೀಗೆ ತುಂಬಾ ಹೊತ್ತು ಎಳೆದು ಹಿಡಿದರೆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ತಗ್ಗುತ್ತದೆ. ಹತ್ತುವ ಮುಂಚೆ ಬೇಕಾದ್ದು ಮೈ ಬಿಸಿಯಾಗುವ ಚಲನೆ. ಎರಡನೇ ದಿನ ನಾನು ಹಿಂದಿನ ಸಾಲಿಗೆ ಸರಿದು ನನ್ನ ಪಾಡಿಗೆ ಆರು ಸುತ್ತು ಸೂರ್ಯನಮಸ್ಕಾರ ಹಾಕಿಕೊಂಡೆ.

ಕಯಾಕಿಂಗ್ ದಿನ ಶುರುವಾಗಿದ್ದು ಚೆನ್ನಾಗಿಯೇ. ದೋಣಿ ಇನ್ನೂ ದಡದ ಮೇಲೇ ಇತ್ತು, ಅದರಲ್ಲಿ ಕಾಲು ಮುಂದೆ ಚಾಚಿ ಕೂರಿಸಿ, ಕೈಗೆ ಹುಟ್ಟು ಕೊಟ್ಟು, ಸೊಂಟದ ಮೇಲಿನ ಮೈ ಎಡಕ್ಕೆ ಬಲಕ್ಕೆ ತಿರುಗಿಸಿದರು. ತೋಳಿಂದ ಎಳೆಯಬೇಡಿ, ಬೆನ್ನಿಂದ ತಿರುಗಿ ಅಂತ. ಕೂತು ಮಾಡುವ ತಿರುಚು ಆಸನಗಳನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದೇನೆ, ಅದು ಯಾವ ಕೆಲಸಕ್ಕೆ ಬರುತ್ತದೆ ಅಂತ ಹೊಳೆದದ್ದು ಆವತ್ತೇ. ಮಧ್ಯಾಹ್ನದವರೆಗೂ ಹುಟ್ಟು ಹಾಕಿದರೂ ಭುಜ ನೋಯಲಿಲ್ಲ.

ಆಮೇಲೆ ನಡೆದದ್ದು ಮಾತ್ರ ನನಗೆ ಈಗಲೂ ಸಿಟ್ಟು ತರಿಸುತ್ತದೆ. ದಡದಲ್ಲಿ ಜೋರಾಗಿ ಭಸ್ತ್ರಿಕಾ, ಅಂದರೆ ತಿದಿ ಒತ್ತಿದ ಹಾಗೆ ಬಿರುಸಾಗಿ ಉಸಿರಾಡುವ ಪ್ರಾಣಾಯಾಮ ಮಾಡಿಸಿ, ಈಗ ಯಾರು ನೀರೊಳಗೆ ಜಾಸ್ತಿ ಹೊತ್ತು ಉಸಿರು ಹಿಡಿಯುತ್ತೀರಿ ನೋಡೋಣ ಅಂದರು ಆ ಬೆಳಗಿನ ಮಹಾಶಯರು! ಉಸಿರಾಡಬೇಕು ಅನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಬಿರುಸಾಗಿ ಉಸಿರಾಡಿದರೆ ಅದು ತುಂಬಾ ಇಳಿದುಬಿಡುತ್ತದೆ, ಆಮ್ಲಜನಕ ಮುಗಿಯುತ್ತಾ ಬಂದರೂ ಮೈ ಎಚ್ಚರಿಸುವುದಿಲ್ಲ, ನೀರೊಳಗೇ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಂದವರೂ ಹೀಗೆ ಸತ್ತಿದ್ದಾರೆ. ನಾನು ಬೇಡ ಅಂದಾಗ "ಭಯ ಬಿಡಿ" ಅಂದರು. ಪುಣ್ಯಕ್ಕೆ ದೋಣಿ ಕಲಿಸುವವರು ಓಡಿ ಬಂದು ಎಲ್ಲರನ್ನೂ ಮೇಲಕ್ಕೆ ಕರೆಸಿದರು.

ಕಾರ್ಯಾಗಾರದ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಇಪ್ಪತ್ತನಾಲ್ಕು ಜನ, ಕಲಿಸುವವರು ಒಬ್ಬರೇ, ವಿಷಯ ಶೀರ್ಷಾಸನ. ಒಬ್ಬರ ಕುತ್ತಿಗೆ ಸರಿಮಾಡುವಷ್ಟರಲ್ಲಿ ಇನ್ನೊಬ್ಬರು ಪಕ್ಕದವರ ಮೇಲೆ ಬಿದ್ದಿರುತ್ತಿದ್ದರು. ನಾನು ಕೂತು ನೋಡಿದೆ. ಸಂಜೆ ಅನುಭವ ಹಂಚಿಕೆ ಅಂತ ಎರಡು ಗಂಟೆ, ಸೊಳ್ಳೆಗಳೂ ಪೂರ್ತಿ ಭಾಗವಹಿಸಿದ್ದವು.

ಮತ್ತೆ ಹೋಗುತ್ತೀಯಾ ಅಂದರೆ, ಹೋಗುತ್ತೇನೆ, ಆದರೆ ಹತ್ತು ಹನ್ನೆರಡು ಜನರ ಗುಂಪಾಗಿರಬೇಕು. ಶಿಬಿರದಲ್ಲಿ ಬೆಟ್ಟದ ದಿನ ಏನು ಮಾಡಿಸುತ್ತಾರೆ ಅಂತ ಯೋಗ ಹೇಳಿಕೊಡುವವರನ್ನು ಫೋನಿನಲ್ಲೇ ಕೇಳುತ್ತೇನೆ, ಅವರಿಗೆ ಗೊತ್ತಿಲ್ಲದಿದ್ದರೆ ದುಡ್ಡು ಕಟ್ಟುವುದಿಲ್ಲ. ಮ್ಯಾಟ್ ಕೊಡುತ್ತೇವೆ ಅನ್ನುತ್ತಾರೆ, ಕೊಡುತ್ತಾರೆ ಕೂಡ, ಆದರೆ ಅದು ಎಷ್ಟು ತೆಳು ಅಂದರೆ ಶವಾಸನದಲ್ಲಿ ಕೆಳಗಿನ ಕಲ್ಲುಗಳನ್ನು ಎಣಿಸಬಹುದು. ನಿಮ್ಮದೇ ಒಯ್ಯಿರಿ.