ಪವರ್‌ಪಾಯಿಂಟ್ ರಿವ್ಯೂ: ಟೂಲ್ ಚೆನ್ನಾಗೇ ಇದೆ, ನಾವು ಓಪನ್ ಮಾಡೋ ಹೊತ್ತು ಸರಿ ಇಲ್ಲ

ಪವರ್‌ಪಾಯಿಂಟ್‌ಗೆ ಇನ್ನೂ ರಿವ್ಯೂ ಬೇಕಾ ಗುರು ಅಂತ ಕೇಳಬಹುದು. ಬೇಕು ಅನ್ಸುತ್ತೆ ನಂಗೆ, ಯಾಕಂದ್ರೆ ಸಿಗೋ ರಿವ್ಯೂಗಳೆಲ್ಲ ಹೊಸ ವರ್ಷನ್‌ನಲ್ಲಿ ಏನೇನು ಬಂತು, ಟೆಂಪ್ಲೇಟ್ ಎಷ್ಟಿವೆ, ಆನಿಮೇಷನ್ ಎಷ್ಟು ಸ್ಮೂತ್ ಅಂತ ಹೇಳಿ ಮುಗಿಸ್ತಾರೆ, ನೋಡೋಕೆ ಕೂತಿರೋರಿಗೆ ವಿಷಯ ಅರ್ಥ ಆಗೋಕೆ ಇದು ಹೆಲ್ಪ್ ಮಾಡುತ್ತಾ ಇಲ್ವಾ ಅನ್ನೋದನ್ನ ಯಾರೂ ಕೇಳಲ್ಲ. ಅದಕ್ಕೇ ಡಿಸೈನ್ ಥಿಂಕಿಂಗ್ ಅಂತಾರಲ್ಲ, ಬಳಸೋರ ಕಡೆಯಿಂದ ಯೋಚಿಸಿ ಪರಿಹಾರ ಹುಡುಕೋ ವಿಧಾನ, ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಡಿ.ಸ್ಕೂಲ್ ಅನ್ನೋ ಡಿಸೈನ್ ಸಂಸ್ಥೆಯವರು ಐದು ಹಂತ ಮಾಡಿ ಫೇಮಸ್ ಮಾಡಿದ್ದು, ಎಂಪಥೈಸ್ (ಎದುರಿನವರನ್ನ ಅರ್ಥ ಮಾಡ್ಕೊಳೋದು), ಡಿಫೈನ್ (ಸಮಸ್ಯೆ ಏನು ಅಂತ ಗೊತ್ತು ಮಾಡ್ಕೊಳೋದು), ಐಡಿಯೇಟ್ (ಐಡಿಯಾ ಹುಡುಕೋದು), ಪ್ರೋಟೋಟೈಪ್ (ಮಾದರಿ ಮಾಡೋದು), ಟೆಸ್ಟ್ (ತೋರಿಸಿ ಪರೀಕ್ಷಿಸೋದು), ಅದನ್ನೇ ಅಳತೆಗೋಲು ಮಾಡ್ಕೊಂಡು ಈ ಸಾಫ್ಟ್‌ವೇರ್ ಯಾವ ಹಂತದಲ್ಲಿ ಕೈ ಹಿಡಿಯುತ್ತೆ, ಎಲ್ಲಿ ಕೈ ಕೊಡುತ್ತೆ ಅಂತ ನೋಡಿದೀನಿ.

ಮೊದಲ ಕಂಪ್ಲೇಂಟ್ ಮೊದಲ ಸ್ಕ್ರೀನ್ ಮೇಲೇ. ಹೊಸ ಫೈಲ್ ತೆಗೆದ್ರೆ ಎದುರಿಗೆ ಬರೋದು ಎರಡು ಡಬ್ಬ, ಇಲ್ಲಿ ಟೈಟಲ್ ಹಾಕಿ, ಇಲ್ಲಿ ಸಬ್‌ಟೈಟಲ್ ಹಾಕಿ. ಮುಂದಿನ ಸ್ಲೈಡ್ ತಗೊಂಡ್ರೆ ಮೇಲೆ ಟೈಟಲ್, ಕೆಳಗೆ ಬುಲೆಟ್. ಯಾರು ನೋಡ್ತಾರೆ, ಅವರಿಗೆ ಈಗಾಗ್ಲೇ ಏನು ಗೊತ್ತು, ಇದನ್ನ ನೋಡಾದ್ಮೇಲೆ ಅವರು ಏನು ಮಾಡಬೇಕು, ಈ ಮೂರಲ್ಲಿ ಒಂದನ್ನೂ ಅದು ಕೇಳಲ್ಲ, ಕೇಳ್ಬೇಕು ಅಂತಾನೂ ಇಲ್ಲ ಬಿಡಿ ಸಾಫ್ಟ್‌ವೇರ್ ತಾನೇ. ಆದ್ರೆ ಖಾಲಿ ಡಬ್ಬ ಕಂಡ್ರೆ ತುಂಬಿಸೋದು ಮನುಷ್ಯನ ಬುದ್ಧಿ, ಹಂಗಾಗಿ ಕೂತ ತಕ್ಷಣ ಟೈಪ್ ಮಾಡೋಕೆ ಶುರು ಮಾಡ್ತೀವಿ, ಎಂಪಥೈಸ್ ಡಿಫೈನ್ ಐಡಿಯೇಟ್ ಮೂರೂ ಹಾರಿಸಿ ನೇರ ನಾಲ್ಕನೇ ಹಂತಕ್ಕೆ ಬಂದು ಕೂತಿರ್ತೀವಿ.

ಇದಕ್ಕೊಂದು ಹಿಸ್ಟರಿ ಇದೆ. 1987ರಲ್ಲಿ ಫೋರ್‌ಥಾಟ್ ಅನ್ನೋ ಸಣ್ಣ ಕಂಪನಿ ಮೆಕಿಂಟಾಷ್‌ಗೆ ಅಂತ ಇದನ್ನ ಬಿಟ್ಟಾಗ ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಚುಚ್ಚೋ ಕಾಲ ಅಲ್ಲ ಅದು, ಓವರ್‌ಹೆಡ್ ಪ್ರೊಜೆಕ್ಟರ್ ಮೇಲೆ ಇಡೋ ಟ್ರಾನ್ಸ್‌ಪರೆನ್ಸಿ ಅನ್ನೋ ಪಾರದರ್ಶಕ ಹಾಳೆ ಪ್ರಿಂಟ್ ಮಾಡ್ಕೊಳೋಕೆ ಇದ್ದ ಟೂಲ್, ಅದೂ ಬ್ಲ್ಯಾಕ್ ಅಂಡ್ ವೈಟ್. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಳ್ತು. ಹಾಳೆ ಮೇಲೆ ಪಾಯಿಂಟ್ಸ್ ಬರ್ಕೊಂಡು ಅದನ್ನೇ ನೋಡ್ಕೊಂಡು ಮಾತಾಡೋ ಪದ್ಧತಿಗೆ ಹುಟ್ಟಿದ ಟೂಲು, ಅಂದ್ರೆ ಮಾತಾಡೋನ ಅನುಕೂಲಕ್ಕೆ, ನೋಡೋನ ಅನುಕೂಲಕ್ಕಲ್ಲ. ಆ ಜಾಯಮಾನ ಇವತ್ತಿಗೂ ಬಿಟ್ಟಿಲ್ಲ ಅದಕ್ಕೆ.

ಈಗ ಉದಾಹರಣೆಗೆ ಒಂದು ಲೈಬ್ರರಿ ಅಂದ್ಕೊಳ್ಳಿ, ಸಂಜೆ ಎರಡು ಗಂಟೆ ಜಾಸ್ತಿ ತೆಗೆದಿಡಬೇಕು ಅಂತ ಕಮಿಟಿ ಮುಂದೆ ಕೇಳಬೇಕು. ನೇರ ಪವರ್‌ಪಾಯಿಂಟ್ ಓಪನ್ ಮಾಡಿದ್ರೆ ಏನಾಗುತ್ತೆ ಗೊತ್ತಲ್ಲ, "ಲೈಬ್ರರಿಯ ಪರಿಚಯ", "ನಮ್ಮ ಉದ್ದೇಶಗಳು", "ಓದುಗರ ಸಂಖ್ಯೆಯ ವಿವರ", ಕೊನೆಗೆ "ಧನ್ಯವಾದಗಳು". ಕಮಿಟಿಯವರು ತಲೆ ಆಡಿಸಿ ಟೀ ಕುಡಿದು ಎದ್ದು ಹೋಗ್ತಾರೆ. ಅದೇ ಲ್ಯಾಪ್‌ಟಾಪ್ ಮುಚ್ಚಿಟ್ಟು ಒಂದು ಪೇಪರ್ ತಗೊಂಡು ಕಮಿಟಿಯಲ್ಲಿ ಯಾರ್ಯಾರು ಇದಾರೆ ಬರೀರಿ. ಒಬ್ರಿಗೆ ದುಡ್ಡಿನ ಚಿಂತೆ, ಎರಡು ಗಂಟೆ ಜಾಸ್ತಿ ಅಂದ್ರೆ ಕರೆಂಟ್ ಬಿಲ್ ಎಷ್ಟು ಏರುತ್ತೆ ಅಂತ. ಇನ್ನೊಬ್ರಿಗೆ ಸಿಬ್ಬಂದಿ ಚಿಂತೆ, ಅಷ್ಟೊತ್ತು ಕೂರೋದು ಯಾರು, ಬಾಗಿಲು ಹಾಕೋದು ಯಾರು. ಮೂರನೇಯವರು ಈಗಾಗ್ಲೇ ಒಪ್ಪಿರ್ತಾರೆ, ಅವರಿಗೆ ಉಳಿದಿಬ್ರನ್ನ ಒಪ್ಪಿಸೋಕೆ ಒಂದು ನಂಬರ್ ಕೈಗೆ ಸಿಕ್ಕಿದ್ರೆ ಸಾಕು. ಇಷ್ಟು ಬರೆದ್ರೆ ಸ್ಲೈಡ್‌ಗಳು ಅರ್ಧ ತಾವೇ ಹುಟ್ಕೋತವೆ, ಲೈಬ್ರರಿಯ ಪರಿಚಯ ಅಲ್ಲಿ ಯಾರಿಗೂ ಬೇಕಾಗಿಲ್ಲ ಅನ್ನೋದೂ ಕಾಣ್ಸುತ್ತೆ, ಅವರೇ ನಡೆಸೋ ಲೈಬ್ರರಿ ತಾನೇ ಅದು!

ಡಿಫೈನ್ ಅನ್ನೋದು ಒಂದೇ ವಾಕ್ಯದ ಕೆಲಸ, ಕಮಿಟಿಯವರು ಮೂರು ತಿಂಗಳು ಟ್ರಯಲ್‌ಗೆ ಒಪ್ಪಬೇಕು, ಯಾಕಂದ್ರೆ ಆರು ಗಂಟೆ ಮೇಲೆ ಬಂದೋರು ಬಾಗಿಲು ನೋಡಿ ವಾಪಸ್ ಹೋಗ್ತಿದಾರೆ. ಇಷ್ಟೇ. ಐಡಿಯೇಟ್‌ಗೆ ಬಂದ್ರೆ ಸ್ಟಿಕ್ಕಿ ನೋಟ್ ಬೆಸ್ಟ್, ಒಂದು ಚೀಟಿಗೆ ಒಂದೇ ವಿಷಯ, ಬರೆದು ಗೋಡೆಗೆ ಅಂಟಿಸಿ ಜಾಗ ಬದಲಾಯಿಸ್ತಾ ಇರೋದು. ಚೀಟಿ ಕಿತ್ತು ಎಸೆಯೋಕೆ ಯಾರಿಗೂ ನೋವಾಗಲ್ಲ, ಆದ್ರೆ ಕಷ್ಟಪಟ್ಟು ಬಣ್ಣ ಹಚ್ಚಿ ಅಲೈನ್ ಮಾಡಿದ ಸ್ಲೈಡ್ ಡಿಲೀಟ್ ಮಾಡು ಅಂದ್ರೆ ಜೀವ ಹೋದಂಗಾಗುತ್ತೆ. ಪವರ್‌ಪಾಯಿಂಟ್‌ನ ಡಿಸೈನರ್ ಅನ್ನೋ ಫೀಚರ್ ಇದೆಯಲ್ಲ, ನೀವು ಒಂದು ಫೋಟೋ ಹಾಕಿದ ಕೂಡ್ಲೇ ಪಕ್ಕದಲ್ಲಿ ಚೆಂದ ಚೆಂದದ ಲೇಔಟ್ ತೋರ್ಸುತ್ತೆ, ಅದ್ರ ತೊಂದ್ರೆನೂ ಇದೇ. ಅರೆಬೆಂದ ಯೋಚನೆಗೆ ರೆಡಿ ಆಗಿರೋ ವೇಷ ಹಾಕುತ್ತೆ, ಆಮೇಲೆ ಅದನ್ನ ಪ್ರಶ್ನೆ ಮಾಡೋ ಮನಸ್ಸೇ ಬರಲ್ಲ. ಕೊನೇ ಹಂತದಲ್ಲಿ ಯೂಸ್ ಮಾಡಿದ್ರೆ ಅದೇ ಫೀಚರ್ ಟೈಮ್ ಉಳಿಸುತ್ತೆ, ಅದನ್ನೂ ಹೇಳ್ಬೇಕು.

ಈಗ ನಂಗೆ ನಿಜವಾಗ್ಲೂ ಸಿಟ್ಟು ಬರೋ ಫೀಚರ್, ಆಟೋಫಿಟ್. ಬುಲೆಟ್ ಡಬ್ಬದಲ್ಲಿ ಜಾಸ್ತಿ ತುಂಬಿದ್ರೆ ಅದು ಸುಮ್ಮನೆ ಅಕ್ಷರದ ಸೈಜ್ ಕಮ್ಮಿ ಮಾಡುತ್ತೆ, ಇನ್ನೂ ತುಂಬಿದ್ರೆ ಇನ್ನೂ ಕಮ್ಮಿ. ಇಷ್ಟೊಂದು ಬೇಡ ಸಾರ್ ಅನ್ನೋ ಬದ್ಲು ತುಂಬಿ ತುಂಬಿ ನಾನು ಅಡ್ಜಸ್ಟ್ ಮಾಡ್ತೀನಿ ಅನ್ನೋ ನಡವಳಿಕೆ ಅದು, ಬಸ್ ತುಂಬಿದ್ರೂ ಒಳಗೆ ಹೋಗಿ ಒಳಗೆ ಹೋಗಿ ಅನ್ನೋ ಕಂಡಕ್ಟರ್ ಥರ. ಅಕ್ಷರ ಚಿಕ್ಕದಾಗೋ ಸಂಕಟ ಅನುಭವಿಸೋದು ಹಿಂದಿನ ಸಾಲಲ್ಲಿ ಕೂತಿರೋರು, ಟೈಪ್ ಮಾಡೋರಿಗೆ ಸ್ಕ್ರೀನ್ ಮೂಗಿನ ಹತ್ರಾನೇ ಇರುತ್ತೆ, ಗೊತ್ತೇ ಆಗಲ್ಲ. ಆಟೋಕರೆಕ್ಟ್ ಆಪ್ಷನ್ಸ್ ಒಳಗೆ ಆಟೋಫಾರ್ಮ್ಯಾಟ್ ಆಸ್ ಯು ಟೈಪ್ ಅನ್ನೋ ಟ್ಯಾಬ್‌ಗೆ ಹೋಗಿ ಟೈಟಲ್‌ಗೂ ಬಾಡಿ ಟೆಕ್ಸ್ಟ್‌ಗೂ ಇರೋ ಆಟೋಫಿಟ್ ಟಿಕ್ ತೆಗೆದುಬಿಡಿ, ಡಬ್ಬದಿಂದ ಅಕ್ಷರ ಹೊರಗೆ ಚೆಲ್ಲಿದಾಗ ಸ್ಲೈಡ್ ಎರಡು ಮಾಡ್ಬೇಕು ಅಂತ ಕಣ್ಣಿಗೇ ಕಾಣುತ್ತೆ.

ಇದೆಲ್ಲ ಬರೀ ಅಂದಚಂದದ ಮಾತು ಅಂದ್ಕೊಂಡ್ರೆ 2003ರ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ವಿಷಯ ನೋಡಿ. ಮೇಲಕ್ಕೆ ಹಾರುವಾಗ ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು, ನೌಕೆ ಇನ್ನೂ ಮೇಲೆ ಇರುವಾಗ್ಲೇ ಇಂಜಿನಿಯರ್‌ಗಳು ಅದ್ರ ಬಗ್ಗೆ ಸ್ಲೈಡ್ ಮಾಡಿ ತೋರಿಸಿದ್ರು. ಒಂದು ಸ್ಲೈಡ್‌ನ ಹೆಡಿಂಗ್ ಓದಿದ್ರೆ ಟೆಸ್ಟ್ ಡೇಟಾ ಪ್ರಕಾರ ಧೈರ್ಯವಾಗಿರಬಹುದು ಅನ್ನೋ ಭಾವನೆ ಬರುತ್ತೆ, ಆದ್ರೆ ತೀರಾ ಕೆಳಗೆ, ಬುಲೆಟ್ ಒಳಗಿನ ಬುಲೆಟ್‌ನಲ್ಲಿ, ಟೆಸ್ಟ್ ಮಾಡಿದ ತುಂಡಿನ ಗಾತ್ರ 3 ಘನ ಇಂಚು, ಇದು 1920 ಘನ ಇಂಚು ಅಂತಿದೆ. 640 ಪಟ್ಟು! ಮುಖ್ಯವಾದ ವಿಷಯ ಪಾದದ ಹತ್ರ ಬಿದ್ದಿತ್ತು. ಏಳು ಜನ ಗಗನಯಾತ್ರಿಗಳು ವಾಪಸ್ ಬರ್ಲಿಲ್ಲ. ಸ್ಲೈಡ್ ಒಂದೇ ಕಾರಣ ಅಂತ ಯಾರೂ ಹೇಳಲ್ಲ, ಆದ್ರೆ ತನಿಖೆ ಮಾಡಿದ ಬೋರ್ಡ್ ತನ್ನ ರಿಪೋರ್ಟ್‌ನಲ್ಲಿ ಈ ಸ್ಲೈಡ್‌ನ ಎತ್ತಿ ತೋರಿಸಿತ್ತು, ಟೆಕ್ನಿಕಲ್ ರಿಪೋರ್ಟ್ ಬದ್ಲು ಸ್ಲೈಡ್ ಕೊಡೋ ಅಭ್ಯಾಸವೇ ಸಮಸ್ಯೆ ಅಂದಿತ್ತು.

ಹಂಗಾಗಿ ಹೆಡಿಂಗ್ ಜಾಗದಲ್ಲಿ ವಿಷಯದ ಹೆಸರು ಬೇಡ, ತೀರ್ಮಾನ ಬರೀರಿ. "ಓದುಗರ ಸಂಖ್ಯೆಯ ವಿವರ" ಅನ್ನೋ ಬದ್ಲು "ಸಂಜೆ ಐದರಿಂದ ಆರರವರೆಗೆ ಕೂರೋಕೆ ಜಾಗ ಸಿಗಲ್ಲ" ಅಂತ, ಕೆಳಗೆ ಅದನ್ನ ತೋರ್ಸೋ ಒಂದೇ ಒಂದು ಚಾರ್ಟ್. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಮೈಕಲ್ ಆಲಿ ಅನ್ನೋರು ಇದನ್ನ ಅಸರ್ಷನ್ ಎವಿಡೆನ್ಸ್, ಅಂದ್ರೆ ತೀರ್ಮಾನ ಮತ್ತೆ ಅದಕ್ಕೆ ಸಾಕ್ಷಿ, ಅಂತ ಹೆಸರಿಟ್ಟು ವರ್ಷಗಟ್ಟಲೆ ಹೇಳ್ಕೊಂಡು ಬಂದಿದಾರೆ, ಪವರ್‌ಪಾಯಿಂಟ್‌ನ ಡೀಫಾಲ್ಟ್ ಟೆಂಪ್ಲೇಟ್ ಮಾತ್ರ ಕೇಳಿಸ್ಕೊಂಡಂಗಿಲ್ಲ.

ಚಾರ್ಟ್ ವಿಷಯಕ್ಕೆ ಬಂದ್ರೆ ಮೆನುವಲ್ಲಿ 3ಡಿ ಪೈ ಚಾರ್ಟ್ ಇನ್ನೂ ಯಾಕೆ ಇಟ್ಟಿದಾರೋ ಗೊತ್ತಿಲ್ಲ. ನಮ್ಮ ಹತ್ರ ಇರೋ ತುಂಡು ದೊಡ್ಡದಾಗಿ ಕಾಣುತ್ತೆ, ಹಿಂದಿರೋದು ಚಿಕ್ಕದಾಗಿ ಕಾಣುತ್ತೆ, ನಂಬರ್ ಒಂದೇ ಇದ್ರೂ. ಕ್ಲೀವ್‌ಲ್ಯಾಂಡ್ ಮತ್ತೆ ಮ್ಯಾಕ್‌ಗಿಲ್ ಅನ್ನೋರು 1984ರಲ್ಲೇ ಟೆಸ್ಟ್ ಮಾಡಿ ಬರೆದಿದ್ರು, ಒಂದೇ ಅಳತೆ ಗೆರೆ ಮೇಲೆ ಯಾವುದು ಎಲ್ಲಿದೆ ಅನ್ನೋದನ್ನ ಕಣ್ಣು ಸರಿಯಾಗಿ ಅಂದಾಜು ಮಾಡುತ್ತೆ, ಕೋನ, ವಿಸ್ತೀರ್ಣ ಅಂದ್ರೆ ತಪ್ಪು ಜಾಸ್ತಿ ಅಂತ. ಬಾರ್ ಚಾರ್ಟ್ ಬೋರಿಂಗ್ ಅನ್ಸಬಹುದು, ಹಾಕಿ. ಒಂದು ಬಾರ್‌ಗೆ ಮಾತ್ರ ಬಣ್ಣ, ಉಳಿದಿದ್ದೆಲ್ಲ ಬೂದು, ನೋಡೋನ ಕಣ್ಣು ಎಲ್ಲಿ ಹೋಗ್ಬೇಕೋ ಅಲ್ಲಿಗೇ ಹೋಗುತ್ತೆ. ಕೆಂಪು ಹಸಿರು ಜೋಡಿ ಮಾತ್ರ ಬೇಡ, ಅದೆರಡ್ರ ವ್ಯತ್ಯಾಸ ಸರಿಯಾಗಿ ಕಾಣದೇ ಇರೋ ಗಂಡಸರು ಸುಮಾರು ಜನ ಇರ್ತಾರೆ, ರೂಮಲ್ಲಿ ಯಾರು ಅಂತ ನಿಮಗೆ ಗೊತ್ತಿರಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರ್ಬೇಕು ಅಂತ ವೆಬ್ ಪೇಜ್‌ಗಳಿಗೆ ಮಾಡಿರೋ ನಿಯಮ ಇದೆ, ದೊಡ್ಡ ಅಕ್ಷರಕ್ಕೆ 3:1 ಸಾಕು, ಸ್ಲೈಡ್‌ಗೂ ಅದನ್ನೇ ಹಿಡೀಬಹುದು. ರಿವ್ಯೂ ಟ್ಯಾಬ್‌ನ ಆಕ್ಸೆಸಿಬಿಲಿಟಿ ಚೆಕರ್, ಅಂದ್ರೆ ಎಲ್ಲರಿಗೂ ಓದೋಕಾಗುತ್ತಾ ಅಂತ ನೋಡೋ ಟೂಲ್, ಕಾಂಟ್ರಾಸ್ಟ್ ಕಮ್ಮಿ ಇದ್ರೆ ಎಚ್ಚರಿಸುತ್ತೆ, ತುಂಬಾ ಒಳ್ಳೆ ಫೀಚರ್, ಯಾರೂ ಮುಟ್ಟೋದೇ ಇಲ್ಲ ಪಾಪ.

ಕನ್ನಡದಲ್ಲಿ ಸ್ಲೈಡ್ ಮಾಡೋರಿಗೆ ಇನ್ನೆರಡು ಮಾತು. ಒತ್ತಕ್ಷರ ಕೆಳಗೆ ಇಳಿಯೋದ್ರಿಂದ ಲೈನ್ ಸ್ಪೇಸಿಂಗ್ ಟೈಟ್ ಇದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತೆ, ಸ್ವಲ್ಪ ಬಿಡಿಸಿ. ಯೂನಿಕೋಡ್ ಅಲ್ಲದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಚಿತ್ರಲಿಪಿ ಬರುತ್ತೆ. ಯೂನಿಕೋಡ್ ಇದ್ರೂ ಸೇವ್ ಆಪ್ಷನ್ಸ್‌ನಲ್ಲಿ ಫಾಂಟ್ ಎಂಬೆಡ್ ಮಾಡಿಬಿಡಿ (ಫೈಲ್ ಒಳಗೇ ಸೇರಿಸಿಬಿಡಿ), ಬೇರೆ ಕಡೆ ಓಪನ್ ಮಾಡಿದಾಗ ಸಾಲು ಎಲ್ಲೆಲ್ಲೋ ಮುರಿಯೋದು ತಪ್ಪುತ್ತೆ.

ಹೊಗಳೋ ಭಾಗ ಇದೆ, ಅದು ಟೆಸ್ಟ್ ಹಂತದಲ್ಲಿ. ಎಲ್ಲಾ ಸ್ಲೈಡ್ ಚಿಕ್ಕದಾಗಿ ಒಟ್ಟಿಗೆ ಕಾಣೋ ಸ್ಲೈಡ್ ಸಾರ್ಟರ್ ವ್ಯೂ ನಂಗೆ ಇಡೀ ಸಾಫ್ಟ್‌ವೇರ್‌ನಲ್ಲೇ ಇಷ್ಟವಾದ ಜಾಗ, ಗೋಡೆ ಮೇಲಿನ ಚೀಟಿಗಳ ಕೆಲಸನೇ ಇಲ್ಲಿ ಮುಂದುವರಿಸಬಹುದು. ಔಟ್‌ಲೈನ್ ವ್ಯೂಗೆ ಹೋಗಿ ಬರೀ ಹೆಡಿಂಗ್‌ಗಳನ್ನ ಮೇಲಿಂದ ಕೆಳಗೆ ಓದಿ, ಒಂದು ವಾದದ ಥರ ಓದಿಸ್ಕೊಂಡು ಹೋದ್ರೆ ಡೆಕ್ (ಸ್ಲೈಡ್‌ಗಳ ಇಡೀ ಸೆಟ್) ಗಟ್ಟಿಯಾಗಿ ನಿಂತಿದೆ ಅಂತ, ಇಲ್ಲಾಂದ್ರೆ ಬಣ್ಣ ಬದಲಾಯಿಸಿ ಪ್ರಯೋಜನ ಇಲ್ಲ. ಆಮೇಲೆ ವಿಷಯ ಗೊತ್ತಿಲ್ಲದ ಒಬ್ರನ್ನ ಕೂರಿಸಿ ಒಂದು ಸ್ಲೈಡ್ ಐದು ಸೆಕೆಂಡ್ ತೋರ್ಸಿ, ಬಿ ಕೀ ಒತ್ತಿ, ಸ್ಲೈಡ್ ಶೋನಲ್ಲಿ ಸ್ಕ್ರೀನ್ ಕಪ್ಪಾಗುತ್ತೆ, ಏನು ಕಾಣಿಸ್ತು ಅಂತ ಕೇಳಿ. ಚೆನ್ನಾಗಿತ್ತಾ ಅಂತ ಮಾತ್ರ ಕೇಳ್ಬೇಡಿ, ಚೆನ್ನಾಗಿತ್ತು ಅಂತಾನೇ ಅಂತಾರೆ. ಅವರು ಹೇಳಿದ್ದು ನೀವು ಹೇಳ್ಬೇಕು ಅಂತಿದ್ದ ವಿಷಯ ಅಲ್ಲದೇ ಇದ್ರೆ ಸ್ಲೈಡ್ ತಪ್ಪು, ಅವರಿಗೆ ವಿವರಿಸೋಕೆ ಹೋಗ್ಬೇಡಿ, ಸ್ಲೈಡ್ ತಿದ್ದಿ.

ಪ್ರೆಸೆಂಟರ್ ವ್ಯೂ ಕೂಡ ಸೂಪರ್. ನಿಮ್ಮ ಸ್ಕ್ರೀನ್‌ನಲ್ಲಿ ನೋಟ್ಸ್, ಟೈಮರ್, ಮುಂದಿನ ಸ್ಲೈಡ್ ಎಲ್ಲ ಕಾಣುತ್ತೆ, ಎದುರಿಗಿರೋರಿಗೆ ಸ್ಲೈಡ್ ಮಾತ್ರ. ಇದಿದ್ದ ಮೇಲೆ ಮಾತಾಡೋದನ್ನೆಲ್ಲ ಸ್ಲೈಡ್ ಮೇಲೆ ಬರೆಯೋಕೆ ನೆಪವೇ ಇಲ್ಲ. ರಿಚರ್ಡ್ ಮೇಯರ್ ಅನ್ನೋ ಮನಃಶಾಸ್ತ್ರಜ್ಞ ಇದನ್ನ ರಿಡಂಡೆನ್ಸಿ ಅಂತ ಕರೀತಾರೆ, ಚಿತ್ರ ಮತ್ತೆ ಮಾತು ಇದ್ದಾಗ ಅದೇ ಮಾತನ್ನ ಅಕ್ಷರದಲ್ಲೂ ಹಾಕಿದ್ರೆ ಸಾಮಾನ್ಯವಾಗಿ ಕಲಿಯೋದು ಕಮ್ಮಿ ಆಗುತ್ತೆ, ಜಾಸ್ತಿ ಅಲ್ಲ. ಕೇಳೋ ಭಾಷೆ ಬರದವರಿಗೆ, ಕಿವಿ ಕೇಳದವರಿಗೆ ಇದು ಅನ್ವಯಿಸಲ್ಲ ಅನ್ನೋದು ನೆನಪಿರಲಿ, ಅವರಿಗೆ ಲೈವ್ ಸಬ್‌ಟೈಟಲ್ ಆಪ್ಷನ್ ಇದೆ.

ರೇಟಿಂಗ್ ಕೊಡ್ಲೇಬೇಕು ಅಂದ್ರೆ ಯೋಚನೆ ಮಾಡೋ ಟೂಲ್ ಆಗಿ ಐದಕ್ಕೆ ಎರಡು, ಯೋಚಿಸಿದ್ದನ್ನ ತೋರಿಸೋ ಟೂಲ್ ಆಗಿ ನಾಲ್ಕೂವರೆ. ಗೂಗಲ್ ಸ್ಲೈಡ್ಸ್, ಕೀನೋಟ್‌ನಲ್ಲೂ ಮೊದಲ ಪ್ರಶ್ನೆ ಟೈಟಲ್ ಏನು ಅಂತಾನೇ, ಟೂಲ್ ಬದಲಾಯಿಸಿದ್ರೆ ಇದು ಸರಿ ಹೋಗಲ್ಲ.

ಇನ್ನೊಂದು, ಮೀಟಿಂಗ್ ಮುಗಿದ ಮೇಲೆ "ಸ್ಲೈಡ್ ಕಳ್ಸಿ" ಅಂತ ಕೇಳೇ ಕೇಳ್ತಾರೆ, ಆ ಭಯಕ್ಕೇ ಎಷ್ಟೋ ಜನ ಸ್ಲೈಡ್ ಮೇಲೆ ಎಲ್ಲಾ ತುಂಬಿಸೋದು. ಅದಕ್ಕೂ ದಾರಿ ಇದೆ ಇದ್ರಲ್ಲೇ, ವಿವರವನ್ನೆಲ್ಲ ಸ್ಲೈಡ್ ಕೆಳಗಿನ ನೋಟ್ಸ್‌ನಲ್ಲಿ ಪೂರ್ತಿ ವಾಕ್ಯದಲ್ಲಿ ಬರೀರಿ, ಪ್ರಿಂಟ್‌ನಲ್ಲಿ ನೋಟ್ಸ್ ಪೇಜಸ್ ಆರಿಸಿ ಪಿಡಿಎಫ್ ಮಾಡಿ ಕಳ್ಸಿ, ಮೇಲೆ ಸ್ಲೈಡ್ ಕೆಳಗೆ ವಿವರಣೆ ಬರುತ್ತೆ, ಮೀಟಿಂಗ್‌ಗೆ ಬರದೇ ಇದ್ದೋರಿಗೂ ಅರ್ಥ ಆಗುತ್ತೆ.