ಕಲಬುರಗಿ ಬಿಸಿಲಲ್ಲಿ 3 ಕಿಲೋವ್ಯಾಟ್ ಸೋಲಾರ್: ಒಂದು ವರ್ಷ ಬಳಸಿದ ಮೇಲೆ

ನಮ್ಮ ಮಾಳಿಗೆ ಮೇಲೆ ಸೋಲಾರ್ ಕೂತು ಒಂದು ವರ್ಷ ಆಯಿತು. ಮಾಳಿಗೆ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹಾಕಿಸಿದ್ದು. ಒಟ್ಟು ಖರ್ಚು 1 ಲಕ್ಷ 90 ಸಾವಿರ, ಅದರಲ್ಲಿ 78 ಸಾವಿರ ಸಬ್ಸಿಡಿ. ಆದರೆ ಮೊದಲು ಪೂರ್ತಿ ದುಡ್ಡು ನಾವೇ ಹೊಂದಿಸಬೇಕು, ಇಲ್ಲಾ ಸಾಲ ಮಾಡಬೇಕು, ಮೀಟರ್ ಕೂತು ಎಲ್ಲಾ ಮುಗಿದ ಮೇಲೆ ಸಬ್ಸಿಡಿ ಖಾತೆಗೆ ಬೀಳುತ್ತದೆ.

ಮೇ ತಿಂಗಳಲ್ಲಿ ಭರ್ಜರಿ ಕರೆಂಟ್ ಬರುತ್ತೆ ಅಂದುಕೊಂಡಿದ್ದೆ. ನಮ್ಮೂರ 43 ಡಿಗ್ರಿ ಬಿಸಿಲು ಒಂದಕ್ಕಾದರೂ ಉಪಯೋಗಕ್ಕೆ ಬರಬೇಕಲ್ವಾ! ಪ್ಯಾನೆಲ್‌ಗೆ ಬೇಕಿರುವುದು ಬೆಳಕು, ಕಾವು ಅಲ್ಲ. ಅದು ಕಾದಷ್ಟೂ ಕರೆಂಟ್ ಕಡಿಮೆ. ಮಾರ್ಚ್‌ನಲ್ಲಿ ದಿನಕ್ಕೆ 14 ಯೂನಿಟ್ ಕೊಟ್ಟಿದ್ದು ಮೇನಲ್ಲಿ 12ಕ್ಕೆ ಇಳಿಯಿತು, ಶ್ರಾವಣದ ಮೋಡಕ್ಕೆ 7. ಧೂಳು ಬೇರೆ. ಬೋರ್ ನೀರಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತದೆ, ನಾನು ನಲ್ಲಿ ನೀರು ಬಂದ ದಿನ ಬೆಳಿಗ್ಗೆ ಬೇಗ ಹತ್ತಿ ಒರೆಸುತ್ತೇನೆ.

ಸಿಟ್ಟು ಬಂದಿದ್ದು ಒಂದಕ್ಕೆ. ಕರೆಂಟ್ ಹೋದರೆ ಇದೂ ಬಂದ್! ನಮ್ಮ ಕರೆಂಟ್ ಲೈನಿಗೆ ಹರಿದು ಅಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಅಂತ ಸೋಲಾರ್ ಇನ್ವರ್ಟರ್ ತಾನೇ ನಿಲ್ಲುತ್ತದೆ, ಸರಿಯೇ. ಆದರೆ ಹಾಕಿದ ಏಜೆನ್ಸಿಯವರು ಇದನ್ನು ಮೊದಲೇ ಹೇಳಬೇಕಿತ್ತು. ಮಟಮಟ ಮಧ್ಯಾಹ್ನ, ತಲೆ ಮೇಲೆ ಸೂರ್ಯ, ಮನೆಯಲ್ಲಿ ಫ್ಯಾನ್ ಇಲ್ಲ. ಬ್ಯಾಟರಿ ಬೇಕೆಂದರೆ ಅದಕ್ಕೆ ಬೇರೆ ದುಡ್ಡು.

ಹಾಕಿಸಬೇಕಾ? ನಮ್ಮದು ಎರಡು ಕೂಲರ್, ಒಂದು ಎಸಿ, ಬೇಸಿಗೆಯಲ್ಲಿ 200 ಯೂನಿಟ್ ದಾಟಿ ಪೂರ್ತಿ ಬಿಲ್ ಬರುತ್ತಿತ್ತು, ಹಾಗಾಗಿ ನಮಗೆ ಲೆಕ್ಕ ಕೂಡಿತು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರು ಲಕ್ಷ ರೂಪಾಯಿ ಯಾಕೆ ಸುರಿಯುತ್ತಾರೆ ಹೇಳಿ? ಬೆಂಗಳೂರಿನ ಸರ್ಕಾರ ಕರೆಂಟೇ ಪುಕ್ಕಟೆ ಕೊಡುತ್ತದೆ, ದಿಲ್ಲಿಯದು ನೀವೇ ತಯಾರಿಸಿಕೊಳ್ಳಿ ಅಂತ ರೊಕ್ಕ ಕೊಡುತ್ತದೆ. ಅತ್ತ ರಾಯಚೂರಿನ ಶಕ್ತಿನಗರದಲ್ಲಿ ಕರೆಂಟ್ ತಯಾರಿಸಲು ಕಲ್ಲಿದ್ದಲು ಉರಿಯುತ್ತಲೇ ಇದೆ. ಎರಡೂ ಯೋಜನೆ ಒಳ್ಳೆಯವೇ, ಒಂದಕ್ಕೊಂದು ಮಾತಾಡಿಕೊಂಡಿಲ್ಲ ಅಷ್ಟೇ.

ಪ್ಯಾನೆಲ್‌ಗೆ ನಾಲ್ಕು ಸ್ಟಾರ್, ಏಜೆನ್ಸಿಗೆ ಎರಡು. ಯೋಜನೆಗೆ ಎಷ್ಟು ಕೊಡಬೇಕೋ ಇನ್ನೂ ತೋಚಿಲ್ಲ. ಹಿಂದಿನ ತಗಡಿನ ಮನೆಯಲ್ಲಿ ಬಾಡಿಗೆಗಿರುವ ಅವ್ವ ಒಮ್ಮೆ ಮೇಲೆ ಬಂದು ನೋಡಿ, "ನಮ್ಮ ತಗಡಿನ ಮ್ಯಾಲ ಕೂಡ್ತದೇನೋ ತಮ್ಮಾ ಇದು?" ಅಂತ ಕೇಳಿದರು. ಮಾಲೀಕರು ಹಾಕಿಸಬೇಕು ಅವ್ವಾ ಅಂದೆ. "ಅವ್ರು ತಗಡ ಬದಲ್ಸಾಕೇ ಒಲ್ಲೆ ಅಂತಾರ" ಅಂದು ಒಣಗಿದ ಮೆಣಸಿನಕಾಯಿ ತುಂಬಿಕೊಂಡು ಇಳಿದು ಹೋದರು.